ನೂರ ತೊಂಬತ್ತು ಕಿಲೋಮೀಟರಿನ ಸೀಟು

ಜನವರಿ 9, ಗುರುವಾರ

ಇದು ದಿನಚರಿಯಲ್ಲ. ದಿನಚರಿ ಬರೆಯುವಷ್ಟು ಪುರುಸೊತ್ತು ನನಗಿಲ್ಲ. ಗಡ್ಡದ ಗಿರಾಕಿ ಹೇಳಿದನೆಂದು ಹಳೆಯ ಆರ್ಡರ್ ಪುಸ್ತಕದ ಖಾಲಿ ಹಾಳೆಗಳಲ್ಲಿ ಗೀಚುತ್ತಿದ್ದೇನೆ. ಆತ ವರ್ಷಕ್ಕೆರಡು ಸಲ ಬೈಕಿನಲ್ಲಿ ದೇಶ ಸುತ್ತುವ ಮನುಷ್ಯ, ಸೀಟು ಹೊಲಿಸಲು ನನ್ನ ಅಂಗಡಿಗೇ ಬರುತ್ತಾನೆ. ನೂರ ತೊಂಬತ್ತು ಕಿಲೋಮೀಟರು ಹೋಗಬೇಕು, ಹಿಂದೆ ಅತ್ತೆ ಕೂತಿರುತ್ತಾರೆ ಎಂದಾಗ ಅವನೊಬ್ಬನೇ ನಗಲಿಲ್ಲ.

"ಎಷ್ಟನೇ ಕಿಲೋಮೀಟರಿಗೆ ಎಲ್ಲಿ ನೋವು ಶುರುವಾಗುತ್ತೆ ಅಂತ ಬರ್ಕೊಳ್ಳಿ ಅಕ್ಕಾ. ಇಲ್ಲಾಂದ್ರೆ ಮನೆ ಮುಟ್ಟೋ ಹೊತ್ತಿಗೆ ಮೈಯೆಲ್ಲಾ ನೋವೇ ಅನ್ಸುತ್ತೆ, ಸೀಟಲ್ಲಿ ಯಾವ್ದನ್ನ ಸರಿ ಮಾಡ್ಬೇಕೋ ಗೊತ್ತೇ ಆಗಲ್ಲ" ಎಂದ.

ಇಪ್ಪತ್ತೊಂದು ವರ್ಷದಿಂದ ಬೈಕಿನ ಸೀಟು ಹೊಲಿಯುತ್ತಿದ್ದೇನೆ. ನಾನು ಒಂದೇ ಉಸಿರಿಗೆ ಹೋದ ಅತಿ ದೂರದ ಜಾಗವೆಂದರೆ ರೆಕ್ಸಿನ್ ತರುವ ಗೋದಾಮು, ಹನ್ನೊಂದು ಕಿಲೋಮೀಟರು. ಇದನ್ನು ಗಿರಾಕಿಗಳ ಮುಂದೆ ಬಾಯಿ ಬಿಟ್ಟಿಲ್ಲ.

ಅತ್ತೆಯ ಎಡಗಣ್ಣು ಹೋಗಿಯೇಬಿಟ್ಟಿದೆ. ಬಲಗಣ್ಣಿನ ನಡುವೆ ಕಪ್ಪು ಕಲೆ. ಸುತ್ತಲಿನದು ಕಾಣುತ್ತದೆ, ನೋಡಬೇಕೆಂದು ನೋಡಿದ್ದು ಕಾಣುವುದಿಲ್ಲ. ನಾಲ್ಕು ವಾರಕ್ಕೊಮ್ಮೆ ಕಣ್ಣಿನೊಳಕ್ಕೇ ಇಂಜೆಕ್ಷನ್ ಚುಚ್ಚಬೇಕಂತೆ, ತಪ್ಪಿಸಿದರೆ ಉಳಿದ ದೃಷ್ಟಿಯೂ ಕೈಬಿಡಬಹುದಂತೆ. ಆ ಆಸ್ಪತ್ರೆ ದೊಡ್ಡ ಊರಿನಲ್ಲಿದೆ. ರೈಲು ಆ ದಾರಿಯಲ್ಲಿಲ್ಲ. ಬಸ್ಸು, ಕಾರು ಹತ್ತಿದರೆ ಅತ್ತೆಗೆ ಮೂರನೇ ತಿರುವಿಗೇ ವಾಂತಿ, ಚುಚ್ಚಿದ ಕಣ್ಣಿಗೆ ಆ ಒತ್ತಡ ಕೂಡದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಬೈಕಿನಲ್ಲಿ ಗಾಳಿ ಬಡಿಯುತ್ತಿದ್ದರೆ ಮಾತ್ರ ಅವರಿಗೆ ಏನೂ ಆಗುವುದಿಲ್ಲ.

ಇದನ್ನೆಲ್ಲ ಮಾಡಬೇಕಾದವನು ಅವರ ಮಗ. ಅವನಿರುವುದು ಆ ದೊಡ್ಡ ಊರಿನಲ್ಲೇ, ಆಸ್ಪತ್ರೆಗೆ ಹತ್ತು ನಿಮಿಷದ ದಾರಿಯಲ್ಲಿ, ಬೇರೆ ಹೆಂಡತಿಯ ಜೊತೆ. ನನ್ನನ್ನು ಬಿಟ್ಟು ಮೂರು ವರ್ಷವಾಯಿತು. ಅಮ್ಮನನ್ನು ಆಮೇಲೆ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಹೋದ ಮಹಾಶಯ ಕರೆಸಿಕೊಳ್ಳಲಿಲ್ಲ. ಅತ್ತೆಯೂ ಹೋಗಲಿಲ್ಲ. ಹೋಗುವವರನ್ನು ತಡೆಯುವ ಜಾಯಮಾನ ನನ್ನದಲ್ಲ, ಇದ್ದವರನ್ನು ಯಾಕಿದ್ದೀರಿ ಎಂದು ಕೇಳುವುದೂ ಇಲ್ಲ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇಬ್ಬರೂ ಇದ್ದೇವೆ.

ಜನವರಿ 12, ಭಾನುವಾರ

ಬಾಗಿಲು ಹಾಕಿಕೊಂಡು ನನ್ನ ಬೈಕಿನ ಸೀಟನ್ನೇ ಬಿಚ್ಚಿದೆ. ಹಿಂದಿನ ಅರ್ಧಕ್ಕೆ ಅಂಗಡಿಯಲ್ಲಿದ್ದ ಅತಿ ಮೆತ್ತನೆಯ ಫೋಮನ್ನು ನಾಲ್ಕು ಬೆರಳು ದಪ್ಪ ಹಾಕಿದೆ. ಕೈ ಬಿಗಿಯಿಲ್ಲದ ಗಿರಾಕಿಗಳಿಗೆ ಮಾತ್ರ ತೋರಿಸುವ ಫೋಮು ಅದು. ಅಂಚಿಗೆ ಜೋಡಿ ಹೊಲಿಗೆ ಹಾಕಿದೆ. ಆಮೇಲೆ ನಮ್ಮ ಅಂಗಡಿಯ ಪದ್ಧತಿಯಂತೆ ಅತ್ತೆಯನ್ನು ಐದು ನಿಮಿಷ ಕೂರಿಸಿ ಮುಖ ನೋಡಿದೆ. ಎಲ್ಲರನ್ನೂ ಹೀಗೆ ಐದು ನಿಮಿಷ ಕೂರಿಸಿಯೇ ನಾನು ಸೀಟು ಕೊಟ್ಟು ಕಳಿಸುವುದು.

"ಹೇಗಿದೆ ಅತ್ತೆ?"

"ಹುಟ್ಟಿದ ಮಗೂನೂ ಇಷ್ಟು ಮೆತ್ತಗೆ ಮಲಗಿಸಲ್ಲ ಕಣೆ."

ಮುಂದಿನ ಅರ್ಧಕ್ಕೆ ಫೋಮು ಉಳಿಯಲಿಲ್ಲ. ಹಳೆಯದೇ ಇದೆ, ನಡುವೆ ತಗ್ಗು ಬಿದ್ದಿದೆ. ನನ್ನದು ಆಮೇಲೆ ನೋಡಿದರಾಯಿತು.

ಜನವರಿ 14, ಮಂಗಳವಾರ

ಆಸ್ಪತ್ರೆಯ ಎದುರಿನ ಲಾಡ್ಜು. ಪೆನ್ನು ಹಿಡಿಯಲೂ ಕೈ ಬರುತ್ತಿಲ್ಲ.

ಮೂವತ್ತೆಂಟನೇ ಕಿಲೋಮೀಟರಿಗೆ ಅತ್ತೆಯ ತೊಡೆ ಜೋಮು ಹಿಡಿಯಿತು. ಅರವತ್ತಕ್ಕೆ ಮೂಳೆಗಳು ಆ ಫೋಮನ್ನೆಲ್ಲ ದಾಟಿ ಕೆಳಗಿನ ತಗಡಿಗೇ ತಾಗಿದವು. ತೊಂಬತ್ತರ ಹೊತ್ತಿಗೆ ನನ್ನ ಹೆಮ್ಮೆಯ ಜೋಡಿ ಹೊಲಿಗೆ ಅವರ ಕಾಲನ್ನು ಕೊರೆಯತೊಡಗಿತ್ತು. ನೂರ ಇಪ್ಪತ್ತಕ್ಕೆ ಇಬ್ಬರೂ ಇಳಿದು, ರಸ್ತೆಯ ಬದಿಯ ಮೈಲಿಗಲ್ಲು ಹಿಡಿದುಕೊಂಡು ನರಳಿದೆವು. ಲಾರಿಯವನೊಬ್ಬ ಹಾರ್ನು ಹೊಡೆದು ನಗುತ್ತ ಹೋದ.

"ಇದು ಮೆತ್ತಗಿರೋದಲ್ಲ ಕಣೆ, ಮುಳುಗೋದು. ಕೂತವಳಿಗೆ ಕೂತಿದ್ದೀನಿ ಅಂತ ಅನ್ನಿಸ್ಬೇಕು. ನಾನು ಇಲ್ಲಿ ಕೆಸರಲ್ಲಿ ಸಿಕ್ಕಿಹಾಕ್ಕೊಂಡಿದ್ದೀನಿ" ಎಂದರು ಅತ್ತೆ.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ಎತ್ತರದ ಮರದ ಸ್ಟೂಲಿನ ಮೇಲೆ ಕೂತು ಲೈನು ಜೋಡಿಸಿದವರು. ಕೂರುವ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದೆಂದು ಇಷ್ಟು ವರ್ಷ ಹೊಳೆದೇ ಇರಲಿಲ್ಲ.

ಇಂಜೆಕ್ಷನ್ ಆಯಿತು. ನಾಳೆ ಬೆಳಗ್ಗೆ ಡಾಕ್ಟರು ಕಣ್ಣಿನ ಪಟ್ಟಿ ಬಿಚ್ಚುವವರೆಗೆ ಅತ್ತೆಗೆ ಏನೂ ಕಾಣದು. ಕೈ ಹಿಡಿದು ಬಚ್ಚಲಿಗೆ ಕರೆದೊಯ್ದೆ, ತಟ್ಟೆಯಲ್ಲಿ ಏನೇನು ಎಲ್ಲೆಲ್ಲಿದೆ ಎಂದು ಹೇಳಿದೆ. ಮಹಾಶಯ ಫೋನು ಮಾಡಿ, ಮಗುವಿಗೆ ನೆಗಡಿ, ಬರಲಾಗಲಿಲ್ಲ ಎಂದ. ಹತ್ತು ನಿಮಿಷದ ದಾರಿ. ಅತ್ತೆ ಮಾತ್ರ "ಬೆಚ್ಚಗಿಡಿ ಮಗೂನ" ಎಂದಷ್ಟೇ ಹೇಳಿ ಫೋನು ನನ್ನ ಕೈಗೆ ಕೊಟ್ಟರು.

ಜನವರಿ 18, ಶನಿವಾರ

ಎಲ್ಲ ಕಿತ್ತು ಹಾಕಿದೆ. ಗಟ್ಟಿ ಫೋಮು ಹಾಕಿ, ಮೇಲೆ ಒಂದೇ ಬೆರಳು ಮೆತ್ತನೆಯದು. ಸೀಟನ್ನು ಅಗಲ ಮಾಡಿ, ಹೊಲಿಗೆಯನ್ನು ಕೆಳಗಿನ ಅಂಚಿಗೆ ಇಳಿಸಿದೆ. ಅತ್ತೆ ಪಕ್ಕದಲ್ಲಿ ನಿಂತು ಅಂಗೈಯಿಂದ ಒತ್ತಿ ಒತ್ತಿ "ಇಲ್ಲಿ ಜಾಸ್ತಿಯಾಯ್ತು, ಇಲ್ಲಿ ಸಾಲ್ದು" ಎನ್ನುತ್ತಿದ್ದರು. ಕಾಣದಿದ್ದರೂ ಬೆರಳು ಸುಳ್ಳು ಹೇಳುವುದಿಲ್ಲ. ಅವರು ಹೇಳಿದ ಕಡೆಯೆಲ್ಲ ನನ್ನದೇ ತಪ್ಪಿತ್ತು.

ಬೇಸರವಾಗಿದೆ. ಐದು ನಿಮಿಷಕ್ಕೆ ಏನು ಹಾಕಿದರೂ ಚೆನ್ನಾಗಿಯೇ ಇರುತ್ತದೆ. ಇಪ್ಪತ್ತೊಂದು ವರ್ಷ ನಾನು ಐದು ನಿಮಿಷದ ಸೀಟುಗಳನ್ನೇ ಹೊಲಿದಿದ್ದೇನೆ. ಜನ ಆಮೇಲೆ ಎಲ್ಲೆಲ್ಲಿ ಇಳಿದು ನನ್ನನ್ನು ಬೈದುಕೊಂಡರೋ.

ಫೆಬ್ರವರಿ 3, ಸೋಮವಾರ

ಅಂಗಡಿಯಲ್ಲಿ ಹೊಸ ಕಾಯಿದೆ. ಸೀಟು ಬೇಕಾದವರು ಒಂದು ಗಂಟೆ ಅದರ ಮೇಲೆ ಕೂರಬೇಕು. ಮೊದಲ ಗಿರಾಕಿ ಹದಿನೈದು ನಿಮಿಷಕ್ಕೆ ಸಿಡುಕಿ ಎದ್ದ. ಅತ್ತೆ ಮೇಲಿನಿಂದ ಇಳಿದು ಬಂದು ಅವನ ಎದುರು ಕುರ್ಚಿ ಹಾಕಿಕೊಂಡರು. ಕೆಲಸ ಎಲ್ಲಿ, ತಂಗಿಯ ಪರೀಕ್ಷೆ ಯಾವಾಗ, ಕೂದಲು ಯಾಕೆ ಉದುರಿದೆ, ಎಲ್ಲ ವಿಚಾರಿಸಿದರು. ಒಂದು ಗಂಟೆ ಇಪ್ಪತ್ತು ನಿಮಿಷವಾದರೂ ಅವನು ಏಳಲಿಲ್ಲ. ಎಡಗಡೆ ಸ್ವಲ್ಪ ತಗ್ಗು ಎಂದು ಅವನೇ ಕಂಡುಹಿಡಿದು ಹೇಳಿದ.

ಈಗ ದಿನಾ ಇಳಿದು ಬರುತ್ತಾರೆ. ತಲೆ ತಿನ್ನುತ್ತಾರೆ. ಹೊಲಿಗೆ ಯಂತ್ರದ ಸದ್ದಿನ ಮೇಲೆಯೂ ಅವರ ದನಿ ಕೇಳಿಸುತ್ತದೆ.

ಫೆಬ್ರವರಿ 12, ಬುಧವಾರ

ಎರಡನೇ ಸವಾರಿ ಮುಗಿಸಿ ಬಂದೆವು. ಅತ್ತೆಗೆ ನೂರ ಹತ್ತರವರೆಗೆ ಏನೂ ಇಲ್ಲ. ಆಮೇಲೆಯೂ ಸೊಂಟ ಸ್ವಲ್ಪ ಹಿಡಿದುಕೊಂಡಿತು, ಅಷ್ಟೇ.

ದಾರಿಯುದ್ದಕ್ಕೂ ಪಾಠ. ಒಂದೇ ಭಂಗಿಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಕೂಡದು. ಎಕ್ಸ್‌ಚೇಂಜಿನಲ್ಲಿ ಒಂದು ಕರೆಗೆ ಎಡಕ್ಕೆ ಭಾರ ಹಾಕಿದರೆ, ಮುಂದಿನ ಕರೆಗೆ ಬಲಕ್ಕೆ. ಬಾಯಾರುವ ಮೊದಲೇ ನೀರು ಕುಡಿಯಬೇಕು. ಸುಸ್ತಾಗುವ ಮೊದಲೇ ಇಳಿಯಬೇಕು. ಹ್ಯಾಂಡಲನ್ನು ಕಳ್ಳನ ಕೊರಳು ಹಿಡಿದಂತೆ ಹಿಡಿಯಬಾರದು.

"ಕೇಳಿಸ್ತಾ ಇದೆಯಾ?" ಎಂದು ನಡುನಡುವೆ ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಕುಟ್ಟಿ ಕೇಳುತ್ತಾರೆ.

"ಕೇಳಿಸ್ತಿದೆ ಅತ್ತೆ, ಲೈನು ಚೆನ್ನಾಗೇ ಇದೆ."

"ಹಾಗಾದ್ರೆ ಭುಜ ಇಳಿಸು."

ಕಲೆ ದೊಡ್ಡದಾಗಿಲ್ಲ ಎಂದರು ಡಾಕ್ಟರು. ಮಹಾಶಯ ಬಂದು, ಅರ್ಧ ಗಂಟೆ ಇದ್ದು ಹೋದ. ಕೂದಲು ನೆರೆತಿದೆ. ನನಗೆ ಏನೂ ಅನ್ನಿಸಲಿಲ್ಲ, ನಿದ್ದೆ ಬರುತ್ತಿತ್ತು.

ನನಗೆ ಎಂಬತ್ತರಿಂದಲೇ ಎಡಭುಜದ ಕೆಳಗೆ ಉರಿ. ಅದಿರಲಿ. ಅತ್ತೆ ಕಾಲಿಡುವ ಫುಟ್‌ರೆಸ್ಟು ಇನ್ನೊಂದು ಇಂಚು ಇಳಿಯಬೇಕು, ಮಂಡಿ ಮಡಚಿಕೊಂಡೇ ಇರುತ್ತದೆ.

ಮಾರ್ಚ್ 11, ಮಂಗಳವಾರ

ಮೂರನೆಯದು. ಅತ್ತೆಗೆ ಎಲ್ಲೂ ನೋವಿಲ್ಲ. ದಾರಿಯಲ್ಲಿ ಹಾಡಿಕೊಂಡರು. ನನಗೆ ಬರೆಯಲಾಗುತ್ತಿಲ್ಲ.

ಮಾರ್ಚ್ 19, ಬುಧವಾರ

ಬೆಳಗ್ಗೆ ಫೋಮಿನ ಸುರುಳಿ ಎತ್ತಲು ಬಗ್ಗಿದವಳು ಏಳಲಾರದೆ ಹೋದೆ. ಅಂಗಡಿಯ ನೆಲದ ಮೇಲೆ, ಕತ್ತರಿಸಿದ ಚೂರುಗಳ ನಡುವೆ ಅಂಗಾತ ಮಲಗಿದ್ದೆ. ಎಷ್ಟು ಹೊತ್ತೋ. ಅತ್ತೆ ಇಳಿದು ಬಂದು, ಯಂತ್ರದ ಸದ್ದಿಲ್ಲವೆಂದು ಹೆಸರು ಹಿಡಿದು ಕೂಗಿದರು. ಸುಮ್ಮನಿದ್ದೆ, ಹೋಗಲಿ ಎಂದು. ಅವರು ಕಾಲಿನಿಂದ ತಡಕುತ್ತ ಬಂದು ನನ್ನ ಪಕ್ಕೆಗೆ ಎಡವಿದರು.

"ಏನೇ ಇದು?"

"ಸುಮ್ನೆ ಅತ್ತೆ. ನೆಲ ತಂಪಾಗಿದೆ."

ಅವರು ಪಕ್ಕದಲ್ಲೇ ಕೂತರು. ಬಿಸಿನೀರಿನ ಚೀಲ ತಂದಿಟ್ಟರು. ಸಂಜೆಯವರೆಗೆ ಅಂಗಡಿ ತೆರೆಯಲಿಲ್ಲ. ಡಾಕ್ಟರ ಹತ್ತಿರ ಹೋಗು ಎಂದದ್ದಕ್ಕೆ, ಏಪ್ರಿಲ್ ಸವಾರಿ ಮುಗಿಯಲಿ ಎಂದೆ.

ಮಾರ್ಚ್ 22, ಶನಿವಾರ

ಅತ್ತೆ ಮಗನ ಮನೆಗೆ ಹೋಗುತ್ತಾರಂತೆ.

ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಹೇಳಿದರು. ಅವನೀಗ ದೊಡ್ಡ ಮನೆ ಹಿಡಿದಿದ್ದಾನೆ, ಒಂದು ಕೋಣೆ ಖಾಲಿಯಿದೆ, ಆಸ್ಪತ್ರೆ ಹತ್ತಿರ. ಹತ್ತು ನಿಮಿಷವಾದರೆ ಕಾರಿನಲ್ಲಿ ಕಣ್ಣು ಮುಚ್ಚಿ ಕೂತು ಬಿಡಬಹುದು.

"ಅವ್ನೇ ಕರೆದ್ನಾ?"

"ನಾನೇ ಫೋನ್ ಮಾಡಿದ್ದೆ. ಮಗ ತಾನೆ. ಮೊಮ್ಮಗೂನೂ ನೋಡಿದ ಹಾಗಾಗುತ್ತೆ."

ಒಳ್ಳೆಯದೇ ಆಯಿತು ಎಂದೆ. ನಿಜಕ್ಕೂ ಒಳ್ಳೆಯದೇ. ಯಾರನ್ನಾದರೂ ಕೇಳಿ, ಇದರಲ್ಲಿ ತಪ್ಪು ಹುಡುಕಲು ಆಗದು. ನನಗೆ ತಿಂಗಳಿಗೆ ಎರಡು ದಿನ ಉಳಿಯುತ್ತದೆ, ಮೈಯೂ ಉಳಿಯುತ್ತದೆ. ಕೊನೆಗೂ ಮಗನೇ ಮಗ, ನಾನು ಯಾರು? ಮೂರು ವರ್ಷ ಉಳಿದದ್ದು ಅವರಿಗೆ ಬೇರೆ ದಾರಿ ಇಲ್ಲದ್ದಕ್ಕೆ ಎಂದು ಈಗ ಗೊತ್ತಾಯಿತು. ತಟ್ಟೆ ತೊಳೆಯುವಾಗ ಒಂದು ಲೋಟ ಒಡೆದೆ.

ಏಪ್ರಿಲ್ 9, ಬುಧವಾರ

ಬಿಟ್ಟು ಬಂದೆ.

ನಿನ್ನೆ ಇಂಜೆಕ್ಷನ್. ಇವತ್ತು ಪಟ್ಟಿ ಬಿಚ್ಚಿದ ಮೇಲೆ ಗೋಡೆಯ ಅಕ್ಷರಗಳಲ್ಲಿ ಎರಡು ಸಾಲು ಹೆಚ್ಚು ಓದಿದರು. ಡಾಕ್ಟರಿಗೆ ಖುಷಿಯೋ ಖುಷಿ. ಮಹಾಶಯ ಕಾರು ತಂದ. ಅತ್ತೆ ನನ್ನ ಮುಖದ ಕಡೆ ತಿರುಗಿ, ಮುಖದ ಪಕ್ಕ ಎಲ್ಲೋ ನೋಡುತ್ತ, "ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸಿದ್ದು ಅವರಿಗೆ ಕಂಡಿರಲಿಕ್ಕಿಲ್ಲ ಎಂದು ಕಾರು ಹೋದ ಮೇಲೆ ನೆನಪಾಯಿತು.

ಹಿಂದಿನ ಚಕ್ರದ ಸ್ಪ್ರಿಂಗನ್ನು ಇಬ್ಬರ ಭಾರಕ್ಕೆ ಬಿಗಿ ಮಾಡಿಸಿದ್ದೆ. ಒಬ್ಬಳೇ ಬಂದರೆ ಪ್ರತಿ ಗುಂಡಿಗೂ ಬೈಕು ಎಗರಿ ಬೀಳುತ್ತದೆ. ಸಡಿಲ ಮಾಡುವ ಸಲಕರಣೆ ಜೊತೆಗೇ ಇತ್ತು, ಎರಡು ನಿಮಿಷದ ಕೆಲಸ. ಮಾಡಲಿಲ್ಲ. ಯಾಕೆಂದು ಗೊತ್ತಿಲ್ಲ, ಸುಸ್ತಾಗಿತ್ತು.

ಏಪ್ರಿಲ್ 24, ಗುರುವಾರ

ಅಂಗಡಿಯಲ್ಲಿ ಕೆಲಸ ಬೇಗ ಬೇಗ ಮುಗಿಯುತ್ತಿದೆ. ಯಾರೂ ತಲೆ ತಿನ್ನುವವರಿಲ್ಲ. ಗಿರಾಕಿಗಳು ಒಂದು ಗಂಟೆ ಸೀಟಿನ ಮೇಲೆ ಕೂತು ಫೋನು ನೋಡುತ್ತಾರೆ. ಒಬ್ಬ "ಅಮ್ಮ ಎಲ್ಲಿ?" ಎಂದು ಕೇಳಿದ. ಮಗನ ಮನೆಗೆ ಹೋಗಿದ್ದಾರೆ ಎಂದೆ. "ಯಾವಾಗ ಬರ್ತಾರೆ?" ಎಂದ. ಸೀಟು ಹೇಗಿದೆ ಅದನ್ನು ಹೇಳಿ ಎಂದು ಗದರಿಸಿದೆ.

ಮೇ 6, ಮಂಗಳವಾರ

ಇವತ್ತು ಇಂಜೆಕ್ಷನ್ ದಿನ. ಹತ್ತಕ್ಕೆ ಫೋನು ಬರಬೇಕಿತ್ತು, ಬರಲಿಲ್ಲ. ಹನ್ನೆರಡಕ್ಕೆ ನಾನೇ ಮಾಡಿದೆ. ಎರಡನೇ ಸಿಗ್ನಲಿಗೇ ಕಾರಿನಲ್ಲಿ ವಾಂತಿಯಾಯಿತಂತೆ. ಸುಧಾರಿಸಿಕೊಂಡ ಮೇಲೆ ಚುಚ್ಚಿದ್ದಾರೆ. ವಾಪಸು ಹೋಗುವಾಗ ಮಹಾಶಯ ಅಮ್ಮನ ಕೈ ಹಿಡಿದು ಬಿಸಿಲಿನಲ್ಲಿ ನಡೆಸಿಕೊಂಡು ಹೋದನಂತೆ, ಮುಕ್ಕಾಲು ಗಂಟೆ. ಅಷ್ಟಾದರೂ ಮಾಡಿದ. ಅವನನ್ನು ಬೈಯಲೆಂದು ಇಟ್ಟುಕೊಂಡಿದ್ದ ಮಾತುಗಳು ವ್ಯರ್ಥವಾದವು.

ಅತ್ತೆ ಫೋನಿನಲ್ಲಿ "ಚೆನ್ನಾಗಿದ್ದೀನಿ, ಮಗು ಮುದ್ದಾಗಿದೆ" ಎಂದರು. ಅವರ ಎಕ್ಸ್‌ಚೇಂಜಿನ ದನಿ ಅದು, ಅಪರಿಚಿತರಿಗೆ ಇಟ್ಟುಕೊಂಡದ್ದು.

ಮೇ 20, ಮಂಗಳವಾರ

ಬೆನ್ನಿನ ಡಾಕ್ಟರ ಹತ್ತಿರ ಹೋದೆ. ಮೂಳೆಗೆ ಏನೂ ಆಗಿಲ್ಲ, ಸ್ನಾಯು ಸೆಟೆದಿದೆ, ಯಾವುದಾದರೂ ತಗ್ಗಿನಲ್ಲಿ ಕೂತು ಬಹಳ ಹೊತ್ತು ಕೆಲಸ ಮಾಡುತ್ತೀರಾ ಎಂದು ಕೇಳಿದರು. ಬೈಕಿನ ಸೀಟು ಎಂದೆ. ಒಳ್ಳೆಯ ಕಡೆ ಕೊಟ್ಟು ಹೊಲಿಸಿಕೊಳ್ಳಿ ಎಂದರು. ಸಿಟ್ಟು ಬಂತು, ನಗುವೂ ಬಂತು.

ಮುಂದಿನ ಅರ್ಧವನ್ನು ಬಿಚ್ಚಿ ಗಟ್ಟಿ ಫೋಮು ಹಾಕಿದೆ. ಹಿಂದಿನದನ್ನು ಮುಟ್ಟಲಿಲ್ಲ. ಧೂಳು ಕೂತಿತ್ತು, ಒರೆಸಿದೆ.

ಜೂನ್ 3, ಮಂಗಳವಾರ

ದೊಡ್ಡ ಊರಿನಲ್ಲಿ ರೆಕ್ಸಿನ್ ಒಳ್ಳೆಯದು ಸಿಗುತ್ತದೆ ಎಂದು ಕೇಳಿದ್ದೆ. ಅದಕ್ಕೇ ಬೆಳಗಿನ ಜಾವ ಹೊರಟೆ. ರೆಕ್ಸಿನ್ ಅಂಗಡಿಗಳ ಬೀದಿ ಎಲ್ಲಿದೆಯೋ ವಿಚಾರಿಸಲೇ ಇಲ್ಲ, ನೇರ ಆಸ್ಪತ್ರೆಗೆ ಹೋದೆ.

ಅತ್ತೆ ಕಾರಿಡಾರಿನ ಬೆಂಚಿನಲ್ಲಿದ್ದರು. ಸೊರಗಿದ್ದಾರೆ. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, "ಬಂದ್ಯಾ?" ಎಂದರು. ಬೂಟಿನ ಸದ್ದಿಗೇ ಗೊತ್ತಾಯಿತಂತೆ. ಇಂಜೆಕ್ಷನ್ ಆದ ಮೇಲೆ ಡಾಕ್ಟರು, ಕಣ್ಣು ಔಷಧಿಗೆ ಚೆನ್ನಾಗಿ ಒಗ್ಗಿದೆ, ಇನ್ನು ಎಂಟು ವಾರಕ್ಕೊಮ್ಮೆ ಸಾಕು ಎಂದರು. ಮಹಾಶಯ ಔಷಧಿ ತರಲು ಕೆಳಗಿಳಿದ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅತ್ತೆ ಬೆಂಚಿನ ಮೇಲೆ, ಪಕ್ಕದಲ್ಲಿ ನಾನು. ಏನು ಹೇಳಬೇಕೆಂದು ಯೋಚಿಸಿಯೂ ಇರಲಿಲ್ಲ. ಮಾತು ತಾನಾಗಿ ಬಂತು.

"ಮನೆಗೆ ಬನ್ನಿ ಅತ್ತೆ."

"ಯಾವ ಮನೆಗೆ?"

"ನಮ್ಮನೆಗೆ. ನೀವಿಲ್ದೆ ನಂಗೆ ಆಗ್ತಿಲ್ಲ."

"ನಿನ್ನ ಬೆನ್ನು?" ಎಂದರು.

"ಬೆನ್ನಿಗೇನಾಗಿದೆ? ಚೆನ್ನಾಗೇ ಇದೆ."

"ನನ್ ಹತ್ರ ಸುಳ್ಳು ಬೇಡ. ನಿನ್ ಮುಖ ಕಾಣಿಸ್ದೆ ವರ್ಷ ಆಯ್ತು ನಂಗೆ. ಬೆನ್ನು ಕಾಣಿಸ್ತಿತ್ತು. ಹೋಗ್ತಾ ನೂರ ತೊಂಬತ್ತು, ಬರ್ತಾ ನೂರ ತೊಂಬತ್ತು, ಅದೊಂದನ್ನೇ ನೋಡ್ಕೊಂಡು ಕೂತಿದ್ದೆ. ಎಲ್ಲಿ ಸೆಟೆಯುತ್ತೆ, ಯಾವಾಗ ಹಲ್ಲು ಕಚ್ಕೊಂಡು ಓಡಿಸ್ತೀಯ, ನಿಂಗಿಂತ ಮೊದ್ಲು ನಂಗೆ ಗೊತ್ತಾಗ್ತಿತ್ತು. ಇನ್ನೆರಡು ತಿಂಗ್ಳು ಕೂತಿದ್ರೆ ನಿನ್ನ ಮುರಿದೇ ಹಾಕ್ತಿದ್ದೆ. ಅದಕ್ಕೇ ಎದ್ದು ಬಂದೆ. ಇಲ್ಲಾಂದ್ರೆ ಇವ್ನ ಮನೇಲಿ ನಂಗೇನೇ ಕೆಲ್ಸ?"

ಮಾರ್ಚ್ ತಿಂಗಳಿಂದ ನಾನು ಅವರ ಬಗ್ಗೆ ಏನೇನು ಅಂದುಕೊಂಡಿದ್ದೆನೋ ಎಲ್ಲ ಒಟ್ಟಿಗೇ ನೆನಪಿಗೆ ಬಂತು. ನಾಚಿಕೆಯಾಯಿತು. ಅಳು ತಡೆಯಲಾಗಲಿಲ್ಲ, ಎದುರು ಬೆಂಚಿನವರೆಲ್ಲ ನೋಡಿದರು.

"ಹೇಳ್ಬಾರ್ದಿತ್ತಾ?" ಎಂದೆ.

"ನೀನು ಕೇಳಿದ್ಯಾ? 'ಒಳ್ಳೇದೇ ಆಯ್ತು' ಅಂದೆ. ಇರಿ ಅಂತ ಒಂದ್ ಮಾತು ಬರುತ್ತೇನೋ ಅಂತ ಹೊರಡೋವರೆಗೂ ಕಾದೆ."

ಮಹಾಶಯ ಔಷಧಿ ಹಿಡಿದುಕೊಂಡು ಬಂದ. ಅತ್ತೆಯೇ ಅವನಿಗೆ ಹೇಳಿದರು. ಅವನ ಮುಖ ಸಣ್ಣದಾಯಿತು. "ಅಲ್ಲಿ ನಿನ್ನ ಯಾರಮ್ಮಾ ನೋಡ್ಕೊಳ್ತಾರೆ?" ಎಂದ. ಯಾರನ್ನು ಯಾರು ನೋಡಿಕೊಳ್ಳುವುದೆಂದು ನಾವು ದಾರಿಯಲ್ಲಿ ತೀರ್ಮಾನ ಮಾಡಿಕೊಳ್ಳುತ್ತೇವೆ ಎಂದರು ಅತ್ತೆ. ಆಮೇಲೆ ಅವನ ಕೈ ಹಿಡಿದು, ಮಗುವನ್ನು ರಜೆಗೆ ಕರೆದುಕೊಂಡು ಬಾ ಎಂದರು. ಅವನು ನನ್ನ ಕಡೆ ನೋಡಿದ. ಬರಲಿ ಎಂದೆ.

ಬಟ್ಟೆಯ ಚೀಲ ತರಲು ಹೋಗಿದ್ದಾನೆ. ನಾವು ಅದೇ ಲಾಡ್ಜಿನಲ್ಲಿದ್ದೇವೆ. ಬೆಳಗ್ಗೆ ಪಟ್ಟಿ ಬಿಚ್ಚಿಸಿಕೊಂಡು ಹೊರಡಬೇಕು. ಅರ್ಧ ಗಂಟೆಗೊಮ್ಮೆ ನಿಲ್ಲಿಸ್ತೀಯ, ನನಗೋಸ್ಕರ ಅಲ್ಲ ಎಂದು ಅತ್ತೆ ಆಗಲೇ ಎರಡು ಸಲ ಹೇಳಿದ್ದಾರೆ. ಮೈ ಕೈ ಎಲ್ಲ ನೋಯುತ್ತಿದೆ. ಪಕ್ಕದ ಮಂಚದಿಂದ, ಇನ್ನೂ ಬಗ್ಗಿಕೊಂಡು ಗೀಚ್ತಾನೇ ಇದ್ದೀಯಾ, ನೆಟ್ಟಗೆ ಮಲಗು ಎನ್ನುತ್ತಿದ್ದಾರೆ.

ಮಲಗುತ್ತೇನೆ.